ಸಂಖ್ಯೆಯ ಸ್ವಭಾವವನ್ನರಿತ ಮಹಾವೀರಾಚಾರ್ಯರು

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆಯಿತು. ಸುಮಾರು ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ಬಾಲ್ಯದಲ್ಲಿಯೇ ಪಟ್ಟವೇರಿ, ದಾಯಾದಿಗಳ ಮತ್ತು ಸಾಮಂತರ ದಂಗೆಗಳನ್ನು ಎದುರಿಸಿದವನು. ಆದರೂ ಅವನ ಕೀರ್ತಿ ಉಳಿದುಬಂದದ್ದು ಯುದ್ಧಗಳಿಂದಲ್ಲ, ಅವನು ಆಶ್ರಯವಿತ್ತ ವಿದ್ಯೆಯಿಂದ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಅವನಿಗೆ ಗುರುಸ್ಥಾನದಲ್ಲಿದ್ದರು. ಶಾಕಟಾಯನರು ತಮ್ಮ ವ್ಯಾಕರಣದ ವೃತ್ತಿಗೆ ಅವನ ಹೆಸರನ್ನೇ ಇಟ್ಟರು. ಇದೇ ವಿದ್ಯಾವಲಯದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು.

ಆಚಾರ್ಯರು ತಮ್ಮ ಗ್ರಂಥದಲ್ಲಿ ತಂದೆತಾಯಿಗಳನ್ನಾಗಲಿ, ಹುಟ್ಟಿದೂರನ್ನಾಗಲಿ ಹೇಳಿಕೊಂಡಿಲ್ಲ. ಆರಂಭದಲ್ಲಿ ಜಿನೇಂದ್ರ ಮಹಾವೀರನಿಗೆ ನಮಸ್ಕಾರ, ಬಳಿಕ ನೃಪತುಂಗನಿಗೆ ಹಾರೈಕೆ, ಅನಂತರ ಗಣಿತದ ಮಹಿಮೆ. ತಮ್ಮ ಪಾಲಿನ ಕೆಲಸವನ್ನು ಅವರು ಬಹಳ ಕಿರಿದಾಗಿ ಎಣಿಸಿದರು. ಪೂರ್ವಾಚಾರ್ಯರ ಜ್ಞಾನವೆಂಬ ಕಡಲಿನಿಂದ ತಮ್ಮ ಶಕ್ತಿಗೆ ತಕ್ಕಷ್ಟು ರತ್ನಗಳನ್ನು ಆರಿಸಿ ಚಿಕ್ಕದೊಂದು ಸಂಗ್ರಹ ಮಾಡಿದ್ದೇನೆ ಎಂಬುದಷ್ಟೇ ಅವರ ಭಾವ. ಹೊರಗಿನ ವಸ್ತುಗಳನ್ನು ತ್ಯಜಿಸಿದವರಿಗೂ ತಮ್ಮ ಹೆಸರಿನ ಮೇಲಣ ಮೋಹವನ್ನು ತ್ಯಜಿಸುವುದು ಕಷ್ಟ. ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳ ಗ್ರಂಥ ಬರೆದು ಅದರಲ್ಲಿ ತಮ್ಮನ್ನು ತಾವೇ ಮರೆಸಿಕೊಂಡವರ ಬದುಕನ್ನು ಅವರ ಬರಹದಿಂದಲೇ ಅರಿಯಬೇಕು.

ಜೈನ ಆಚಾರ್ಯರೊಬ್ಬರು ಗಣಿತಕ್ಕೆ ಕೈಹಾಕಿದ್ದು ಆಕಸ್ಮಿಕವಲ್ಲ. ಜಿನಾಗಮವನ್ನು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗವೆಂದು ನಾಲ್ಕಾಗಿ ವಿಂಗಡಿಸುವಾಗ ಲೋಕದ ರಚನೆಯನ್ನೂ ಅದರ ಅಳತೆಗಳನ್ನೂ ತಿಳಿಸುವ ಭಾಗವೇ ಕರಣಾನುಯೋಗ. ಎಣಿಕೆಯಿಲ್ಲದೆ ಅದರೊಳಗೆ ಒಂದು ಹೆಜ್ಜೆಯನ್ನೂ ಇಡಲಾಗದು. ಇನ್ನು ಗೃಹಸ್ಥನ ಬದುಕಿನಲ್ಲಿಯೂ ಅಷ್ಟೇ. ಅಳತೆಯಲ್ಲಿ, ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ತಪ್ಪು ಲೆಕ್ಕ ಬರೆಯುವ ವ್ಯಾಪಾರಿ ಬೀಗ ಮುರಿಯದೆಯೇ ಕಳ್ಳನಾಗುತ್ತಾನೆ. ಆದುದರಿಂದ ಸರಿಯಾದ ಲೆಕ್ಕವು ಶ್ರಾವಕನ ಪಾಲಿಗೆ ಜಾಣ್ಮೆಯಷ್ಟೇ ಅಲ್ಲ, ವ್ರತದ ಒಂದು ಅಂಗವೂ ಹೌದು. ಲೌಕಿಕ ಮತ್ತು ಧಾರ್ಮಿಕ ವ್ಯವಹಾರಗಳಿಂದ ಹಿಡಿದು ಸಂಗೀತ, ವೈದ್ಯ, ಅಡುಗೆ, ವಾಸ್ತು, ಛಂದಸ್ಸು, ಗ್ರಹಗಳ ಚಲನೆಯವರೆಗೆ ಎಲ್ಲದರಲ್ಲಿಯೂ ಗಣಿತವು ವ್ಯಾಪಿಸಿದೆ ಎಂದು ಆಚಾರ್ಯರು ಸಾರಿದ್ದು ಈ ಅರ್ಥದಲ್ಲಿಯೇ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧಿಕಾರಗಳಿವೆ. ಮೊದಲನೆಯದು ಸಂಜ್ಞೆಗಳನ್ನು ತಿಳಿಸಿದರೆ, ಉಳಿದ ಎಂಟು ಪರಿಕರ್ಮ, ಭಿನ್ನರಾಶಿ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆಗಳ ಲೆಕ್ಕವನ್ನು ವಿವರಿಸುತ್ತವೆ. ಪರಿಕರ್ಮಗಳೂ ಎಂಟು: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಇವುಗಳಲ್ಲಿ ವರ್ಗ ಮತ್ತು ವರ್ಗಮೂಲಗಳನ್ನು ಆಚಾರ್ಯರು ನಿರೂಪಿಸಿದ ಬಗೆಯಲ್ಲಿ ಅವರ ಮನೋಧರ್ಮ ಚೆನ್ನಾಗಿ ಕಾಣುತ್ತದೆ.

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ವರ್ಗ. ಇದು ಎಲ್ಲರೂ ಬಲ್ಲ ದಾರಿ. ಆಚಾರ್ಯರು ಇಷ್ಟಕ್ಕೇ ನಿಲ್ಲದೆ ಅದೇ ಗುರಿಗೆ ಬೇರೆ ದಾರಿಗಳನ್ನೂ ತೋರಿಸಿದರು. ಸಂಖ್ಯೆಯಿಂದ ಇಷ್ಟಬಂದಷ್ಟನ್ನು ಒಮ್ಮೆ ಕಳೆದು, ಒಮ್ಮೆ ಕೂಡಿ, ಆ ಎರಡನ್ನೂ ಗುಣಿಸಿ, ಕಳೆದುಕೂಡಿದ ಸಂಖ್ಯೆಯ ವರ್ಗವನ್ನು ಸೇರಿಸಿದರೂ ವರ್ಗವೇ ದೊರೆಯುತ್ತದೆ. 97ರ ವರ್ಗ ಬೇಕಿದ್ದರೆ 3ನ್ನು ಆರಿಸಿಕೊಳ್ಳಬಹುದು. 94ನ್ನು 100ರಿಂದ ಗುಣಿಸಿದರೆ 9400. ಅದಕ್ಕೆ 3ರ ವರ್ಗವಾದ 9 ಸೇರಿದರೆ 9409. ಮೂರನೆಯ ದಾರಿ ಇನ್ನೂ ಸೊಗಸಾದುದು. ಒಂದರಿಂದ ಆರಂಭಿಸಿ ಎರಡೆರಡು ಏರುತ್ತ ಹೋಗುವ ಬೆಸಸಂಖ್ಯೆಗಳನ್ನು ಕೂಡಿದರೆ, ಎಷ್ಟು ಪದಗಳಿವೆಯೋ ಅಷ್ಟರ ವರ್ಗವೇ ಮೊತ್ತವಾಗುತ್ತದೆ. 1, 3, 5, 7 ಎಂಬ ನಾಲ್ಕು ಪದಗಳ ಮೊತ್ತ 16, ಅದು 4ರ ವರ್ಗ. ಇನ್ನೊಂದು ಪದವಾದ 9 ಸೇರಿದರೆ 25, ಅದು 5ರ ವರ್ಗ. ಕಾಳುಗಳನ್ನು ಚೌಕಾಕಾರವಾಗಿ ಜೋಡಿಸಿ, ಎರಡು ಬದಿಗೂ ಮೂಲೆಗೂ ಹೊಸ ಸಾಲನ್ನು ಸೇರಿಸುತ್ತ ಹೋದರೆ ಇದರ ಕಾರಣ ಕಣ್ಣಿಗೇ ಕಾಣುತ್ತದೆ. ಸತ್ಯವೊಂದೇ, ಅದನ್ನು ತಲುಪುವ ನೆಲೆಗಳು ಹಲವು ಎಂಬ ಅನೇಕಾಂತದ ಪಾಠ ಇಲ್ಲಿ ಉಪದೇಶವಾಗಿ ಬರುವುದಿಲ್ಲ, ಲೆಕ್ಕವಾಗಿ ಬರುತ್ತದೆ.

ವರ್ಗಗಳಿಗೆ ಜೈನ ಪರಂಪರೆಯಲ್ಲಿ ವಿಶೇಷ ಸ್ಥಾನವಿದೆ. ಎರಡರ ವರ್ಗ 4, ಅದರ ವರ್ಗ 16, ಮುಂದೆ 256, ಅದರಾಚೆ 65536. ಹೀಗೆ ವರ್ಗದ ವರ್ಗವನ್ನು ಮಾಡುತ್ತ ಹೋದರೆ ಆರನೆಯ ಮೆಟ್ಟಿಲಿಗೆ 18446744073709551616 ಎಂಬ ಇಪ್ಪತ್ತು ಅಂಕೆಗಳ ಸಂಖ್ಯೆ ಬರುತ್ತದೆ. ನಾಲ್ಕನೆಯ, ಐದನೆಯ, ಆರನೆಯ ವರ್ಗಗಳಿಗೆ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂಬ ಪ್ರಾಕೃತ ಹೆಸರುಗಳೇ ಇವೆ. ಅನುಯೋಗದ್ವಾರಸೂತ್ರವು ಮನುಷ್ಯರ ಸಂಖ್ಯೆಯನ್ನು ಹೇಳುವಾಗ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವನ್ನು ಬಳಸುತ್ತದೆ. ಅದು ಇಪ್ಪತ್ತೊಂಬತ್ತು ಅಂಕೆಗಳ ಸಂಖ್ಯೆ. ಜಿನಸೇನರ ಗುರುಗಳಾದ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆಯಲ್ಲಿ ಇಂಥ ಬೃಹತ್ಸಂಖ್ಯೆಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ಅವರು ಆರಂಭಿಸಿದ ಜಯಧವಲೆಯನ್ನು ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ್ದು ಇದೇ ನೃಪತುಂಗನ ಕಾಲದಲ್ಲಿ. ಅಸಂಖ್ಯಾತ, ಅನಂತಗಳೆಂಬ ಮಾತುಗಳನ್ನು ಬಾಯುಪಚಾರಕ್ಕೆ ಆಡದೆ, ಎಣಿಸಬಹುದಾದುದು ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದ ಪರಂಪರೆ ಅದು. ಮಹಾವೀರಾಚಾರ್ಯರು ಬೆಳೆದದ್ದು ಆ ಗಾಳಿಯಲ್ಲಿ.

ವರ್ಗ ಮಾಡುವುದು ಏರುದಾರಿಯಾದರೆ ಮೂಲ ತೆಗೆಯುವುದು ಹಿಂದಿರುಗುವ ದಾರಿ. 499ರಲ್ಲಿ ಆರ್ಯಭಟನು ಹೇಳಿದ್ದ ಕ್ರಮವೇ ಗಣಿತಸಾರಸಂಗ್ರಹದಲ್ಲಿಯೂ ಇದೆ. ಬಿಡಿಸ್ಥಾನದಿಂದ ಎಣಿಸುತ್ತ ಸ್ಥಾನಗಳನ್ನು ವಿಷಮ, ಸಮವೆಂದು ಗುರುತಿಸಬೇಕು. ಕೊನೆಯ ವಿಷಮಸ್ಥಾನದಿಂದ ಕಳೆಯಬಹುದಾದ ಅತಿ ದೊಡ್ಡ ವರ್ಗವನ್ನು ಕಳೆದು, ಅದರ ಮೂಲದ ಇಮ್ಮಡಿಯಿಂದ ಮುಂದಿನ ಸಮಸ್ಥಾನವನ್ನು ಭಾಗಿಸಿ, ಬಂದ ಭಾಗಲಬ್ಧದ ವರ್ಗವನ್ನು ಅದರ ಮುಂದಿನ ವಿಷಮಸ್ಥಾನದಿಂದ ಕಳೆಯುತ್ತ ಸಾಗಬೇಕು. 65536ನ್ನು ತೆಗೆದುಕೊಂಡರೆ, 6ರಿಂದ 2ರ ವರ್ಗವಾದ 4 ಕಳೆದು 2 ಉಳಿಯುತ್ತದೆ. ಮುಂದಿನ 5 ಇಳಿಸಿ 25ನ್ನು 4ರಿಂದ ಭಾಗಿಸುವಾಗ 6 ಸಲ ಹೋಗುವಂತೆ ತೋರುತ್ತದೆ. ಆದರೆ ಹಾಗೆ ಮಾಡಿದರೆ ಮುಂದೆ 15ರಿಂದ 36ನ್ನು ಕಳೆಯಲಾಗದು. ಆದ್ದರಿಂದ 5ಕ್ಕೇ ತೃಪ್ತಿಪಡಬೇಕು. ಆಗ 5 ಉಳಿಯುತ್ತದೆ, ಮುಂದಿನ 5 ಇಳಿಸಿ 55ರಿಂದ 25 ಕಳೆದರೆ 30. ಬಳಿಕ 303ನ್ನು 25ರ ಇಮ್ಮಡಿಯಾದ 50ರಿಂದ ಭಾಗಿಸಿದರೆ 6, ಶೇಷ 3. ಕೊನೆಗೆ 36ರಿಂದ 6ರ ವರ್ಗ ಕಳೆದರೆ ಶೇಷವೇ ಇಲ್ಲ. ಮೂಲ 256. ಕೈಗೆ ಸಿಕ್ಕಿತೆಂದು ಹೆಚ್ಚು ತೆಗೆದುಕೊಂಡವನು ಮುಂದಿನ ಹೆಜ್ಜೆಯಲ್ಲಿ ಸಾಲಗಾರನಾಗುತ್ತಾನೆ ಎಂಬ ಪರಿಮಿತಿಯ ನಿಯಮ ಈ ಲೆಕ್ಕದೊಳಗೇ ಇದೆ.

ಎಲ್ಲ ಸಂಖ್ಯೆಗಳೂ ಹೀಗೆ ಶೇಷವಿಲ್ಲದೆ ಮುಗಿಯುವುದಿಲ್ಲ. ಪೂರ್ಣಸಂಖ್ಯೆಯ ವರ್ಗವು 2, 3, 7, 8 ಎಂಬ ಅಂಕೆಗಳಿಂದ ಎಂದೂ ಕೊನೆಗೊಳ್ಳುವುದಿಲ್ಲ. ಬೇರೆ ಅಂಕೆಗಳಿಂದ ಕೊನೆಗೊಂಡವುಗಳಲ್ಲಿಯೂ ವರ್ಗವಲ್ಲದವು ಬಹಳ. ಜೈನಾಗಮಗಳಲ್ಲಿ ಇದರ ಪ್ರಸಿದ್ಧ ನಿದರ್ಶನ ಜಂಬೂದ್ವೀಪದ ಪರಿಧಿ. ದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ವ್ಯಾಸದ ವರ್ಗವನ್ನು ಹತ್ತರಿಂದ ಗುಣಿಸಿ ಮೂಲ ತೆಗೆದರೆ ಪರಿಧಿ ಬರುತ್ತದೆ ಎಂಬುದು ಪರಂಪರೆಯ ಸೂತ್ರ. ಮಹಾವೀರಾಚಾರ್ಯರೂ ಸ್ಥೂಲ ಲೆಕ್ಕಕ್ಕೆ ವ್ಯಾಸದ ಮೂರು ಪಟ್ಟು, ಸೂಕ್ಷ್ಮ ಲೆಕ್ಕಕ್ಕೆ ಹತ್ತರ ವರ್ಗಮೂಲದಷ್ಟು ಪಟ್ಟು ಎಂದು ಎರಡನ್ನೂ ಹೇಳಿದರು. ಮೂಲ ತೆಗೆದಾಗ 316227 ಯೋಜನ ಬಂದು 484471 ಶೇಷ ಉಳಿಯುತ್ತದೆ. ಆ ಶೇಷವನ್ನು ಮೂಲದ ಇಮ್ಮಡಿಯಾದ 632454ರಿಂದ ಭಾಗಿಸಿ, ಯೋಜನವನ್ನು ಕ್ರೋಶಕ್ಕೆ, ಕ್ರೋಶವನ್ನು ಧನುಸ್ಸಿಗೆ, ಧನುಸ್ಸನ್ನು ಅಂಗುಲಕ್ಕೆ ಇಳಿಸಿದರೆ 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಆ ಸ್ವಲ್ಪ ಹೆಚ್ಚು ಎಂಬ ಮಾತನ್ನು ಪೂರ್ವಾಚಾರ್ಯರು ಬಿಡಲಿಲ್ಲ. ಮೂರು ಲಕ್ಷಕ್ಕೂ ಮೀರಿದ ಯೋಜನಗಳನ್ನು ಎಣಿಸಿದ ಮೇಲೆ ಅರ್ಧ ಅಂಗುಲದ ಆಚೆಗಿನ ಉಳಿಕೆಯನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ಸತ್ಯವ್ರತ.

ಆಚಾರ್ಯರ ಗಣಿತ ಒಣ ಸೂತ್ರಗಳ ರಾಶಿಯಲ್ಲ. ಅದರಲ್ಲಿ ಜಿನಪೂಜೆಯ ಹೂಗಳಿವೆ, ದುಂಬಿಗಳಿವೆ, ಆನೆಗಳಿವೆ. ಒಂದು ಲೆಕ್ಕದಲ್ಲಿ ಒಂಟೆಗಳ ಹಿಂಡು ಬರುತ್ತದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿನಲ್ಲಿದೆ. ಉಳಿದ ಹದಿನೈದು ನದಿಯ ದಡದಲ್ಲಿವೆ. ಒಟ್ಟು 36 ಒಂಟೆಗಳು. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ಇನ್ನೊಂದೆಡೆ ಅವರು ಸಂಖ್ಯೆಗಳಿಂದ ಕೊರಳ ಹಾರಗಳನ್ನೇ ಕಟ್ಟಿದರು. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ಆರಕ್ಕೆ ಏರಿ, ಆರರಿಂದ ಒಂದಕ್ಕೆ ಇಳಿಯುವ ಹಾರ. ಇದರ ಒಡಲಲ್ಲಿಯೂ ವರ್ಗವೇ ಅಡಗಿದೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಎರಡು ವರ್ಗಗಳ ಗುಣಲಬ್ಧ ವರ್ಗವೇ ಆಗುವುದರಿಂದ ಹಾರವು 111111ರ ವರ್ಗವಾಗಿದೆ. ಲೆಕ್ಕ ಕಲಿಯುವ ಮಕ್ಕಳ ಮುಖದಲ್ಲಿ ಬೆಳಕು ಮೂಡಿಸಬೇಕೆಂಬ ವಾತ್ಸಲ್ಯವಿಲ್ಲದವರು ಇಂಥದನ್ನು ಹುಡುಕಿ ತೆಗೆಯುವುದಿಲ್ಲ.

ಇಷ್ಟು ಮೂಲಗಳನ್ನು ತೆಗೆದು ತೋರಿಸಿದ ಆಚಾರ್ಯರು ಒಂದು ಕಡೆ ನಿಂತರು. ಅವರಿಗೆ ಶಾಶ್ವತ ಸ್ಥಾನ ತಂದುಕೊಟ್ಟದ್ದು ಆ ನಿಲುಗಡೆಯೇ. ಧನ, ಋಣ, ಸೊನ್ನೆಗಳ ಲೆಕ್ಕದ ನಿಯಮಗಳನ್ನು 628ರಲ್ಲಿ ಬ್ರಹ್ಮಗುಪ್ತನು ಹೇಳಿದ್ದ. ಧನಕ್ಕೆ ಧನವನ್ನು ಗುಣಿಸಿದರೂ ಧನ, ಋಣಕ್ಕೆ ಋಣವನ್ನು ಗುಣಿಸಿದರೂ ಧನ. ಆದುದರಿಂದ 25ಕ್ಕೆ ಎರಡು ಮೂಲಗಳು: ಧನ 5 ಮತ್ತು ಋಣ 5. ಹಾಗಾದರೆ ಋಣ 25ರ ಮೂಲ ಯಾವುದು? ಧನವನ್ನಿಟ್ಟು ನೋಡಿದರೆ ಧನ ಬರುತ್ತದೆ, ಋಣವನ್ನಿಟ್ಟು ನೋಡಿದರೂ ಧನವೇ ಬರುತ್ತದೆ, ಸೊನ್ನೆಯನ್ನಿಟ್ಟರೆ ಸೊನ್ನೆ. ನಾಲ್ಕನೆಯ ದಾರಿಯಿಲ್ಲ. ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಸ್ಪಷ್ಟವಾಗಿ ವಿಧಿಸಿದರು. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರೂ ಇದೇ ತೀರ್ಮಾನಕ್ಕೆ ಬಂದರು.

ಅವರು ಕೊಟ್ಟ ಕಾರಣ ಗಮನಾರ್ಹ. ಮೂಲ ಸಿಗಲಿಲ್ಲ ಎನ್ನಲಿಲ್ಲ, ಹುಡುಕುವುದು ಕಷ್ಟ ಎನ್ನಲಿಲ್ಲ. ಸ್ವಭಾವವೇ ಹಾಗಿದೆ ಎಂದರು. ವಸ್ತುವಿನ ಸ್ವಭಾವವನ್ನೇ ಧರ್ಮವೆಂದು ಕರೆಯುವ ದರ್ಶನದಲ್ಲಿ ಬೆಳೆದ ಮನಸ್ಸಿನ ಮಾತು ಇದು. ನೀರಿಗೆ ಶೀತ, ಬೆಂಕಿಗೆ ಉಷ್ಣ, ಜೀವಕ್ಕೆ ಅರಿವು ಸ್ವಭಾವವಾಗಿರುವಂತೆ ಸಂಖ್ಯೆಗೂ ಸ್ವಭಾವವಿದೆ. ಅದನ್ನು ನಮ್ಮ ಇಷ್ಟಕ್ಕೆ ಬಗ್ಗಿಸಲಾಗದು, ಅರಿಯಬಹುದು ಅಷ್ಟೇ.

ನೃಪತುಂಗನನ್ನು ಹಾರೈಸುವಾಗ ಆಚಾರ್ಯರು ಅವನನ್ನು ಏಕಾಂತಪಕ್ಷವನ್ನು ಮುರಿದ ಸ್ಯಾದ್ವಾದಿಯೆಂದು ಹೊಗಳಿದ್ದುಂಟು. ಸ್ಯಾದ್ವಾದವೆಂದರೆ ಎಲ್ಲವೂ ಸರಿ, ಯಾರು ಏನೆಂದರೂ ನಿಜ ಎಂಬ ಸಡಿಲ ಮಾತೆಂದು ತಿಳಿಯುವವರು ಇಂದಿಗೂ ಇದ್ದಾರೆ. ಅದು ಹಾಗಲ್ಲವೆಂಬುದನ್ನು ಸ್ಯಾದ್ವಾದಿಯೊಬ್ಬರು ಬರೆದ ಈ ಗಣಿತವೇ ತೋರಿಸುತ್ತದೆ. 25ರ ಮೂಲ 5 ಎನ್ನುವವನೂ ಸರಿ, ಋಣ 5 ಎನ್ನುವವನೂ ಸರಿ. ಇದೊಂದೇ, ಮತ್ತೊಂದಿಲ್ಲ ಎಂದು ಹಟ ಹಿಡಿಯುವವನು ಏಕಾಂತಿ. ಆದರೆ 25ರ ಮೂಲ 6 ಎನ್ನುವವನು ಯಾವ ನಯದಿಂದಲೂ ಸರಿಯಲ್ಲ. ಅಸ್ತಿಯ ಜೊತೆಗೆ ನಾಸ್ತಿಯೂ ಸಪ್ತಭಂಗಿಯಲ್ಲಿ ಸೇರಿದೆ. ಇಲ್ಲದ್ದನ್ನು ಇಲ್ಲವೆಂದು ಹೇಳುವ ಧೈರ್ಯವಿಲ್ಲದಿದ್ದರೆ ಇದ್ದದ್ದನ್ನು ಇದೆಯೆಂದು ಹೇಳುವುದಕ್ಕೂ ಬೆಲೆಯಿರುವುದಿಲ್ಲ.

ಹದಿನಾರನೆಯ ಶತಮಾನದ ಇಟಲಿಯಲ್ಲಿ ಕಾರ್ಡಾನೋ ಮತ್ತು ಬೊಂಬೆಲ್ಲಿ ಎಂಬ ಗಣಿತಜ್ಞರು ಋಣಸಂಖ್ಯೆಗಳ ಮೂಲವನ್ನು ಒಂದು ಹೊಸ ಬಗೆಯ ಸಂಖ್ಯೆಯೆಂದು ಇಟ್ಟುಕೊಂಡು ಲೆಕ್ಕ ಮುಂದುವರಿಸಿದರು. ಅದರಿಂದ ಗಣಿತದ ಹೊಸ ಬಾಗಿಲು ತೆರೆಯಿತು. ಆದರೂ ಧನ, ಋಣ, ಸೊನ್ನೆಗಳ ಲೋಕದೊಳಗೆ ಆಚಾರ್ಯರ ತೀರ್ಪು ಇಂದಿಗೂ ಅಳಿದಿಲ್ಲ. ಹೊಸ ಸಂಖ್ಯೆಗಳು ಆ ಲೋಕದ ಹೊರಗೆ ನೆಲೆ ಕಂಡುಕೊಳ್ಳಬೇಕಾಯಿತು. ಯಾವ ಅಪೇಕ್ಷೆಯಿಂದ ಹೇಳಿದ ಮಾತು ಎಂದು ಕೇಳಿ ನಿರ್ಣಯಿಸುವುದೇ ನಯವಿವೇಕ.

ಆಚಾರ್ಯರ ಎಲ್ಲ ಮಾತೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಅವರು ಬರೆದರು. ಇದನ್ನು ಮುಂದಿನ ಗಣಿತ ಒಪ್ಪಲಿಲ್ಲ. ಭಾಸ್ಕರಾಚಾರ್ಯರು ಅಂಥ ರಾಶಿಯನ್ನು ಖಹರವೆಂದು ಕರೆದು ಅನಂತವೆಂದು ಬಗೆದರು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವಿಲ್ಲವೆನ್ನುತ್ತದೆ. ಕೇವಲಜ್ಞಾನಿಯೊಬ್ಬನ ಹೊರತು ಉಳಿದವರ ಅರಿವೆಲ್ಲ ಅಪೂರ್ಣವೆಂದು ನಂಬುವ ಪರಂಪರೆಗೆ ಇದರಿಂದ ಮುಜುಗರವಿಲ್ಲ. ಗುರುವಿನ ಮಾತನ್ನು ಪರೀಕ್ಷಿಸಿ ತಿದ್ದುವುದೂ ಗುರುಭಕ್ತಿಯೇ. ಗಣಿತಜ್ಞನಿಗೆ ಬೇಕಾದ ಎಂಟು ಗುಣಗಳನ್ನು ಸ್ವತಃ ಆಚಾರ್ಯರೇ ಎಣಿಸಿದ್ದಾರೆ: ಬೇಗ ಬಿಡಿಸುವ ಲಾಘವ, ಮುಂದಾಲೋಚಿಸುವ ಊಹೆ, ಸಲ್ಲದ್ದನ್ನು ತಳ್ಳಿಹಾಕುವ ಅಪೋಹ, ಆಲಸ್ಯವಿಲ್ಲದಿರುವುದು, ಗ್ರಹಣ, ಧಾರಣ, ಹೊಸ ಉಪಾಯ, ತಿಳಿಯದ್ದನ್ನು ಅಂಕೆಯಿಂದ ವ್ಯಕ್ತಪಡಿಸುವ ಶಕ್ತಿ. ಸ್ವಾಧ್ಯಾಯಕ್ಕೆ ಕೂರುವವನಿಗೂ ಬೇಕಾದುದು ಇವೇ.

ಗಣಿತಸಾರಸಂಗ್ರಹ ಮಾನ್ಯಖೇಟದೊಡನೆ ಅಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವನ್ನು ರಚಿಸಿ ಕನ್ನಡದಲ್ಲಿಯೇ ಗಣಿತವನ್ನು ಹೇಳಿದನು. ಮೂಲಗ್ರಂಥದ ಪ್ರತಿಗಳು ಕನ್ನಡ ಲಿಪಿಯ ಓಲೆಗಳಲ್ಲಿಯೂ ಉಳಿದವು. ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದಾಗ ಜಗತ್ತಿಗೆ ಆಚಾರ್ಯರ ಪರಿಚಯವಾಯಿತು. ಓಲೆಗಳನ್ನು ಹುಳು ತಿನ್ನದಂತೆ, ಮಸಿ ಮಾಸದಂತೆ ಕಾಪಾಡಿದ ಹೆಸರಿಲ್ಲದ ಕೈಗಳು ಅಷ್ಟು ಶತಮಾನಗಳ ಶಾಸ್ತ್ರದಾನ ಮಾಡಿದ್ದವು.

ಹೆಸರನ್ನು ಬಯಸದೆ ಬರೆದವರ ಹೆಸರು ಉಳಿಯಿತು. ತೆಗೆಯಬಹುದಾದ ಮೂಲವನ್ನು ಕೊನೆಯ ಅಂಕೆಯವರೆಗೆ ತೆಗೆಯುವುದು, ಶೇಷ ಉಳಿದರೆ ಮುಚ್ಚಿಡದಿರುವುದು, ಇಲ್ಲದ ಮೂಲವನ್ನು ಇಲ್ಲವೆನ್ನುವುದು: ವರ್ಗಮೂಲದ ಈ ಮೂರು ನಡೆಗಳಲ್ಲಿ ಸಮ್ಯಗ್ಜ್ಞಾನದ ಅಭ್ಯಾಸ ಪೂರ್ಣವಾಗಿ ಅಡಗಿದೆ. ಅಂಗಡಿಯ ಲೆಕ್ಕದ ಪುಸ್ತಕದೆದುರು ಕುಳಿತವನಿಗೂ, ಪ್ರತಿಕ್ರಮಣದ ಹೊತ್ತಿನಲ್ಲಿ ದಿನದ ನಡೆನುಡಿಗಳನ್ನು ಎಣಿಸುವವನಿಗೂ ಅದು ಒಂದೇ ಅಭ್ಯಾಸ.